ಹದಿನೈದು ಗೇಣಿನ ಬಾಗಿಲು

ಸಂಜೆ ಆರಕ್ಕೆ ಮಿಲಿಮೀಟರ್ ಮನೆಗೆ ಬಂದಾಗ ಅವನ ತಲೆಯ ತುಂಬ ಮರದ ಹೊಟ್ಟು, ಬಾಯಿಯ ತುಂಬ ಬೈಗುಳ. ಬಾಗಿಲು ಕಿಟಕಿ ಮಾಡುವ ಬಡಗಿ ಅವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನೂ ಸಹಿಸದವನೆಂದು ಜನ ಇಟ್ಟ ಅಡ್ಡಹೆಸರು ಅದು. ತಮಾಷೆಗೆ ಇಟ್ಟದ್ದನ್ನು ಅವನು ಬಿರುದೆಂದು ತಿಳಿದು ಹೊತ್ತು ತಿರುಗುತ್ತಿದ್ದ.

ಆ ದಿನದ ಬೈಗುಳವೆಲ್ಲ ಹಲ್ಲಿನ ಡಾಕ್ಟರಿಗೆ ಸಂದದ್ದು. ಒಳಕೋಣೆಗೆ ಬಾಗಿಲು ಬೇಕೆಂದವರು, ಅಳತೆಗೆ ನೀನು ಬರುವುದು ಬೇಡ, ನಾನೇ ಅಳೆದಿದ್ದೇನೆ ಎಂದು ಚೀಟಿ ಕಳಿಸಿದ್ದರು. ಅವಸರದಲ್ಲಿ ಮಿಲಿಮೀಟರ್ ಆ ಚೀಟಿಯನ್ನೇ ನಂಬಿ ಹಲಗೆ ಕೊಯ್ದಿದ್ದ. ಇವತ್ತು ಕೂರಿಸಲು ಹೋದರೆ ಬಾಗಿಲು ಮುಕ್ಕಾಲು ಇಂಚು ಗಿಡ್ಡ. ಯಾರ ಕೈ ಅಳತೆ ಎಂದು ಮೊದಲು ಕೇಳಬೇಕು, ಕೊಯ್ಯುವವನೇ ಅಳೆಯಬೇಕು. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಅವನ ತಲೆಗೆ ತುಂಬಿದ ಮೊದಲ ಪಾಠವೇ ಅದು. ಬೇರೆಯವರು ಅಳೆದು ತಂದ ಚೀಟಿಯನ್ನು ಆ ಮುದುಕ ಓದದೆಯೇ ಹರಿದು ಒಲೆಗೆ ಹಾಕುತ್ತಿದ್ದ.

ಹಾಗೆ ಗೊಣಗುತ್ತ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಕಳೆದ ತಿಂಗಳು ಮೂರು ಕೈ ಪಾಲಿಶ್ ಹೊಡೆದು, ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ ಮನೆಯ ಮುಂಬಾಗಿಲಿನ ಮೇಲೆ ಕೆಳಗಿನಿಂದ ಮೇಲಿನವರೆಗೆ ಪೆನ್ಸಿಲ್ ಗೆರೆಗಳು. ಮೂರು ಕಾಲಿನಲ್ಲಿ ನಿಂತು ನಾಲ್ಕನೆಯದನ್ನು ಕುಣಿಸುತ್ತಿದ್ದ ಸ್ಟೂಲಿನ ಮೇಲೆ ಅವನ ಮಗಳು, ನಾಲಿಗೆ ಹೊರಗೆ ಹಾಕಿಕೊಂಡು, ಪುಟ್ಟ ಅಂಗೈಯನ್ನು ಅಗಲಿಸಿ ಬಾಗಿಲಿನ ನೆತ್ತಿಯನ್ನು ಮುಟ್ಟುತ್ತಿದ್ದಳು. ಆ ಸ್ಟೂಲಿನ ಕಾಲನ್ನು ಸರಿಮಾಡಿ ಎಂದು ಹೆಂಡತಿ ಹೇಳಿ ಆರು ತಿಂಗಳಾಗಿತ್ತು. ಊರಿನ ಬಾಗಿಲುಗಳನ್ನೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸುವ ಮಹಾಶಯನಿಗೆ ಮನೆಯ ಸ್ಟೂಲಿಗೆ ಪುರುಸೊತ್ತಿರಲಿಲ್ಲ.

ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಎದ್ದಾಗಿನಿಂದ ಮಲಗುವವರೆಗೆ ಪಟಪಟ ಸಿಡಿಯುತ್ತಲೇ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಚಿನಕುರಳಿ. ಅಪ್ಪನನ್ನು ಕಂಡದ್ದೇ ಸ್ಟೂಲಿನಿಂದ ಧುಮುಕಿ, ಬಾಗಿಲು ಹದಿನೈದು ಗೇಣು, ಮೇಲೆ ಎರಡು ಬೆರಳು ಇದೆಯೆಂದೂ, ಎರಡು ಸಲ ಅಳೆದೆನೆಂದೂ, ಮೊದಲ ಸಲ ಮಧ್ಯದಲ್ಲಿ ಸೀನು ಬಂದು ಲೆಕ್ಕ ತಪ್ಪಿತೆಂದೂ ಒಂದೇ ಉಸಿರಿಗೆ ಹೇಳಿದಳು.

"ಹದಿನೈದು ಗೇಣಾ?" ಮಿಲಿಮೀಟರ್ ನಕ್ಕ. ಅದು ಸಂತೋಷದ ನಗುವಲ್ಲ, ಬೇರೆ ಬಡಗಿಯ ಕೆಲಸ ನೋಡಿದಾಗ ಅವನ ಮೂಗಿನಿಂದ ಬರುವ ನಗು. "ಆನೆ ಒಳಗೆ ಬರೋಕೆ ಬಾಗಿಲು ಮಾಡಿದೀನಾ ನಾನು? ಬಡಗಿ ಮಗಳಾಗಿ ಬಾಗಿಲು ಎಷ್ಟು ಗೇಣು ಇರುತ್ತೆ ಅಂತ ಗೊತ್ತಿಲ್ವಲ್ಲ ನಿಂಗೆ."

ಅವಳ ಕೈಯಲ್ಲಿದ್ದ ಹಾಳೆಯನ್ನು ಕಿತ್ತುಕೊಂಡು ಓದಿದ. ಮೇಲೆ ಟೀಚರ್ ದುಂಡಗೆ ಬರೆದಿದ್ದರು: ನಮ್ಮ ಮನೆಯ ಬಾಗಿಲು. ಎರಡು ವಾರದಿಂದ ಆ ಕ್ಲಾಸಿನಲ್ಲಿ ಬಾಗಿಲಿನದೇ ಕಾರುಬಾರು. ಗಣಿತಕ್ಕೆ ಬಾಗಿಲನ್ನು ನಿನ್ನ ಗೇಣಿನಲ್ಲಿ ಅಳೆ. ಭಾಷೆಗೆ ಬಾಗಿಲಿನ ಬಗ್ಗೆ ಮೂರು ಸಾಲು ಬರೆ. ಪರಿಸರ ಪಾಠಕ್ಕೆ, ಒಂದು ದಿನದಲ್ಲಿ ಬಾಗಿಲಿನಿಂದ ಏನೇನು ಒಳಗೆ ಬಂತು ನೋಡಿ ಪಟ್ಟಿ ಮಾಡು. ಚಿತ್ರಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಾಗಿಲಿನ ನೆರಳು ಬರೆ. ಸಂಗೀತಕ್ಕಂತೂ ಮನೆಗೆ ಬರುವವರು ಬಾಗಿಲು ಹೇಗೆ ತಟ್ಟುತ್ತಾರೆ, ಕೇಳಿಸಿಕೊಂಡು ಬಂದು ಮೇಜಿನ ಮೇಲೆ ತಟ್ಟಿ ತೋರಿಸಬೇಕು. ಮಿಲಿಮೀಟರ್‌ಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ಬಾಗಿಲು ಮಾಡಿದ ತನಗೇ ಬಾಗಿಲಿನಲ್ಲಿ ಇಷ್ಟು ಪಾಠ ಕಂಡಿರಲಿಲ್ಲ. ನಿನ್ನೆ ಮೊನ್ನೆ ಬಂದ ಟೀಚರಮ್ಮನಿಗೆ ಕಂಡಿತಂತೆ. ಔಷಧಿ ಅಂಗಡಿಯವರ ಮಗ ಬೇರೆ ಶಾಲೆಯಲ್ಲಿ ಇದೇ ಎರಡನೇ ಕ್ಲಾಸಿನಲ್ಲಿದ್ದುಕೊಂಡು ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಿದ್ದ. ಅವನ ಅಕ್ಕ ಮಾತ್ರ ಒಂದು ವರ್ಷ ಹಿಂದೆ ಬಿದ್ದು, ದುರದೃಷ್ಟಕ್ಕೆ ಚಿನಕುರಳಿಯ ಕ್ಲಾಸಿನಲ್ಲೇ ಬಾಗಿಲು ತಟ್ಟುತ್ತಿದ್ದಳು.

ಮೂರು ಸಾಲು ಏನು ಬರೆದಿದ್ದಾಳೆಂದು ನೋಡಿದ. 'ನಮ್ಮ ಬಾಗಿಲು ಬೆಳಿಗ್ಗೆ ಆಕಳಿಸುತ್ತದೆ. ಅಪ್ಪ ಬಂದರೆ ಜೋರಾಗಿ ಹಾಕಿಕೊಳ್ಳುತ್ತದೆ. ಅಮ್ಮ ಬಂದರೆ ಮೆಲ್ಲಗೆ.' ಪಟ್ಟಿಯಲ್ಲಿ ಇರುವೆ, ಧೂಳು, ಪಕ್ಕದ ಮನೆಯ ಒಗ್ಗರಣೆ ವಾಸನೆ, ಬಿಸಿಲು, ಅಮ್ಮನ ಚಪ್ಪಲಿ ಎಂದಿತ್ತು.

ಇಂಥದ್ದನ್ನು ನಾಲ್ಕು ಜನರ ಮುಂದೆ ಗೋಡೆಗೆ ಅಂಟಿಸಿದರೆ ತನ್ನ ಮರ್ಯಾದೆ ಏನಾದೀತೆಂದು ಅವನಿಗೆ ಚಿಂತೆಯಾಯಿತು. ರಬ್ಬರ್ ತೆಗೆದುಕೊಂಡು ಹದಿನೈದನ್ನು ಅಳಿಸಿದ. ತನ್ನ ಗೇಣಿನಲ್ಲಿ ಬಾಗಿಲನ್ನು ಸರಸರ ಅಳೆದು, ಒಂಬತ್ತು ಗೇಣು ನಾಲ್ಕು ಬೆರಳು ಎಂದು ಮಗಳ ಅಕ್ಷರದಂತೆಯೇ ಸೊಟ್ಟಗೆ ಬರೆದ. ಮೂರು ಸಾಲನ್ನೂ ಅಳಿಸಿ 'ಬಾಗಿಲನ್ನು ಮರದಿಂದ ಮಾಡಿದೆ. ಬಾಗಿಲಿಗೆ ಮೂರು ಕೀಲುಗಳಿವೆ. ಬಾಗಿಲು ಮನೆಗೆ ರಕ್ಷಣೆ ಕೊಡುತ್ತದೆ' ಎಂದು ಬರೆಸಿದ. ವಾಸನೆಯೂ ಬಿಸಿಲೂ ಪಟ್ಟಿಯಿಂದ ಹೊರಹೋದವು. ಅದೆಲ್ಲ ಮುಗಿದ ಮೇಲೆ ಉಪ್ಪುಕಾಗದ ತಂದು ಬಾಗಿಲಿನ ಮೇಲಿನ ಪೆನ್ಸಿಲ್ ಗೆರೆಗಳನ್ನು ಒಂದೊಂದಾಗಿ ಉಜ್ಜಿ ತೆಗೆದು, ಪಾಲಿಶ್ ಮೆತ್ತಿದ.

"ಹಾಗಾದ್ರೆ ನಾನು ಎಣಿಸಿದ್ದು?" ಚಿನಕುರಳಿ ಕೇಳಿದಳು.

"ತಪ್ಪು."

"ಎರಡು ಸಲಾನೂ?"

"ಹತ್ತು ಸಲ ಎಣಿಸಿದ್ರೂ ತಪ್ಪೇ."

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆಗಷ್ಟೇ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದವಳು ಇದನ್ನೆಲ್ಲ ನೋಡಿ, ಹಾಳೆ ಅವಳದ್ದು, ಅವಳೇ ಬರೆಯಲಿ ಬಿಡಿ ಎಂದಳು. ತಪ್ಪು ಕಂಡರೂ ಸುಮ್ಮನಿರಬೇಕಾ ಎಂದು ಇವನು ಏರಿಹೋದ. ದಿನಕ್ಕೆ ಹತ್ತು ಗಂಟೆ ಮೈ ಮುರಿದು ದುಡಿಯುವುದು ಮಗಳು ನಾಲ್ಕು ಅಕ್ಷರ ನೆಟ್ಟಗೆ ಕಲಿಯಲಿ ಎಂದೇ ಹೊರತು ಬಾಗಿಲು ಆಕಳಿಸುವುದನ್ನು ನೋಡಲಿಕ್ಕಲ್ಲ. ನಾಳೆ ದೊಡ್ಡ ಕ್ಲಾಸಿಗೆ ಹೋದಾಗ ಮಕ್ಕಳೆಲ್ಲ ಮುಂದಿರುತ್ತಾರೆ, ಇವಳು ಮೇಜು ತಟ್ಟಿಕೊಂಡು ಕೂತಿರುತ್ತಾಳೆ ಎಂದ. ಅವನ ಹೆದರಿಕೆ ಸುಳ್ಳೇನಲ್ಲ. ಹತ್ತನೇ ವಯಸ್ಸಿಗೇ ಶಾಲೆ ಬಿಟ್ಟವನಿಗೆ ಮಗಳು ಹಿಂದೆ ಬೀಳುವುದೆಂದರೆ ಏನೆಂದು ಗೊತ್ತಿತ್ತು.

"ಗೊತ್ತಾಗುತ್ತೆ ರೀ," ಎಂದಳು ನರ್ಸು. "ಆದರೆ ಜ್ವರ ಎಷ್ಟಿದೆ ಅಂತ ನೋಡೋಕೆ ಥರ್ಮಾಮೀಟರ್‌ನ ಮಗು ಬಾಯಲ್ಲಿ ಇಡ್ತೀವಿ. ಅವರಪ್ಪನ ಬಾಯಲ್ಲಿ ಇಡಲ್ಲ."

ಹೆಂಗಸರಿಗೆ ಅಳತೆಯ ವಿಷಯ ಅರ್ಥವಾಗುವುದಿಲ್ಲ ಎಂದು ಮಿಲಿಮೀಟರ್ ಕೈ ತೊಳೆಯಲು ಹೋದ. ದಿನಕ್ಕೆ ನಲವತ್ತು ಜನರಿಗೆ ಔಷಧಿಯನ್ನು ಹನಿ ಲೆಕ್ಕದಲ್ಲಿ ಅಳೆದು ಕೊಡುವ ಹೆಂಗಸಿಗೆ ಆ ಮಾತು ಹೇಳಲು ಒಂದು ಬಗೆಯ ಧೈರ್ಯ ಬೇಕು. ಅದು ಅವನಲ್ಲಿ ಧಾರಾಳವಾಗಿತ್ತು.

ಮರುದಿನದಿಂದ ಚಿನಕುರಳಿ ಸಿಡಿಯುವುದು ಕಡಿಮೆಯಾಯಿತು. ಇನ್ನೊಂದು ಲೋಟ ಹಾಲು ಬೇಕಾ ಎಂದರೆ, ಅಪ್ಪನನ್ನು ಕೇಳು ಎಂದಳು. ಮಳೆ ಬರುವ ಹಾಗಿದೆಯಾ, ಕಿಟಕಿಯಲ್ಲಿ ನೋಡು ಎಂದರೆ ನೋಡದೆಯೇ, ಅಪ್ಪ ಬಂದ ಮೇಲೆ ಹೇಳ್ತಾರೆ ಎಂದಳು. ಒಂದು ದಿನ ಹೊಸ ಚಪ್ಪಲಿ ಹಾಕಿಸಿ, ಕಾಲಿಗೆ ಬಿಗಿಯಾಗುತ್ತಾ ಎಂದು ನರ್ಸು ಕೇಳಿದರೆ ಅದಕ್ಕೂ ಅಪ್ಪನ ಮುಖ ನೋಡಿದಳು. ನರ್ಸು ಬಗ್ಗಿ, ಚಪ್ಪಲಿಯ ಪಟ್ಟಿಯೊಳಗೆ ತಾನೇ ಬೆರಳಿಟ್ಟು ನೋಡಿದಳು. ಮಿಲಿಮೀಟರ್‌ಗೆ ಮಾತ್ರ ಪರಮಾನಂದ. ಹುಡುಗಿಗೆ ಕೊನೆಗೂ ಶಿಸ್ತು ಬಂತು ಎಂದು ವರ್ಕ್‌ಶಾಪಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡ. ಸ್ವಂತ ಕಾಲು ನೋಯುತ್ತದೋ ಇಲ್ಲವೋ ಎಂದು ಹೇಳಲಾರದ ಸ್ಥಿತಿಗೆ ಅವನ ಡಿಕ್ಷನರಿಯಲ್ಲಿ ಶಿಸ್ತು ಎಂದು ಹೆಸರು.

ಆ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ, ಮಕ್ಕಳೂ ಜೊತೆಗೆ ಬರಬೇಕಿತ್ತು. ಮಿಲಿಮೀಟರ್ ಬರಿಗೈಯಲ್ಲಿ ಹೋಗಲಿಲ್ಲ. ಔಷಧಿ ಅಂಗಡಿಯವರು ಚೆಂದದ ಭಾಷೆಯಲ್ಲಿ ಒಂದು ಅರ್ಜಿ ಬರೆದಿದ್ದರು: ಈ ಬಾಗಿಲಿನ ಆಟಗಳನ್ನು ನಿಲ್ಲಿಸಬೇಕು, ಮಗ್ಗಿ ಉಕ್ತಲೇಖನ ಶುರುಮಾಡಬೇಕು, ಆಗದಿದ್ದರೆ ಬೇರೆ ಟೀಚರನ್ನು ಹಾಕಬೇಕು. ಹತ್ತೊಂಬತ್ತು ಜನರ ಸಹಿ ಅದರ ಕೆಳಗಿತ್ತು. ಮುಖ್ಯ ಶಿಕ್ಷಕಿಯ ಕೈಗೆ ಅದನ್ನು ಕೊಡುವ ಜವಾಬ್ದಾರಿಯನ್ನು ಗಟ್ಟಿ ಗಂಟಲಿನವನೆಂದು ಮಿಲಿಮೀಟರ್‌ಗೇ ವಹಿಸಲಾಗಿತ್ತು. ನಾಲ್ಕಾಗಿ ಮಡಿಸಿದ ಅರ್ಜಿ ಅವನ ಜೇಬಿನಲ್ಲಿತ್ತು.

ಕ್ಲಾಸಿನ ಗೋಡೆಯ ಮೇಲೆ ಇಪ್ಪತ್ತೆಂಟು ಹಾಳೆಗಳು ತೂಗುತ್ತಿದ್ದವು. ಪೋಷಕರು ಮೊದಲು ಹೋಗಿ ತಂತಮ್ಮ ಹಾಳೆಯ ಮುಂದೆ ನಿಂತರು. ತಂತಮ್ಮ ಎಂದದ್ದು ಬಾಯಿ ತಪ್ಪಿ ಅಲ್ಲ. ಒಂದರಲ್ಲಿ ಬಾಗಿಲಿನ ಚಿತ್ರಕ್ಕೆ ವಾಸ್ತುಶಿಲ್ಪಿಯೊಬ್ಬರ ಸ್ಕೇಲಿನ ಗೆರೆಗಳಿದ್ದವು. ಇನ್ನೊಂದು ಅಚ್ಚುಕಟ್ಟಾಗಿ ಟೈಪಾಗಿ ಬಂದಿತ್ತು. ಮತ್ತೊಂದರಲ್ಲಿ ಏಳು ವರ್ಷದ ಕೂಸು ಬಾಗಿಲಿನ ಬಗ್ಗೆ 'ಭದ್ರತೆಯ ಸಂಕೇತ' ಎಂದು ಬರೆದಿತ್ತು. ಎಲ್ಲ ಸಾಲುಗಳಲ್ಲೂ ಬಾಗಿಲು ಮರದ್ದು, ಎಲ್ಲದರಲ್ಲೂ ಅದು ರಕ್ಷಣೆ ಕೊಡುತ್ತಿತ್ತು. ಅಳತೆಯ ಜಾಗದಲ್ಲಿ ಒಂಬತ್ತು, ಒಂಬತ್ತೂವರೆ, ಹತ್ತು, ಮತ್ತೆ ಒಂಬತ್ತು. ದೊಡ್ಡವರೆಲ್ಲ ಎಷ್ಟು ಶ್ರಮಪಟ್ಟು ಎರಡನೇ ಕ್ಲಾಸು ಓದಿದ್ದರೆಂದರೆ, ಅವರನ್ನು ಪಾಸು ಮಾಡಿ ಮೂರನೆಯದಕ್ಕೆ ಕಳಿಸಬಹುದಿತ್ತು.

ಎರಡೇ ಎರಡು ಹಾಳೆಗಳಲ್ಲಿ ಹದಿನಾಲ್ಕು, ಹದಿನಾರು ಎಂದಿತ್ತು. ಒಂದು ಬಸ್ ಕಂಡಕ್ಟರನ ಮಗನದ್ದು, ಇನ್ನೊಂದು ಹಗಲೂ ರಾತ್ರಿ ಬಟ್ಟೆ ಇಸ್ತ್ರಿ ಮಾಡುವವಳ ಮಗಳದ್ದು. ಆ ಮನೆಗಳಲ್ಲಿ ಮಕ್ಕಳ ಹೋಮ್‌ವರ್ಕ್ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಮಿಲಿಮೀಟರ್ ಆ ಹಾಳೆಗಳನ್ನು ನೋಡಿ, ಅಯ್ಯೋ ಪಾಪ, ಹೇಳಿಕೊಡುವವರಿಲ್ಲ ಎಂದುಕೊಂಡ.

ಟೀಚರ್ ಇನ್ನೂ ಮೂವತ್ತು ದಾಟಿರದ ಸಪೂರ ಹೆಂಗಸು. ಮುಂಗೈಯಲ್ಲಿ ಸೀಮೆಸುಣ್ಣದ ಪುಡಿ. ಎಲ್ಲರೂ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತ ಮೇಲೆ ಔಷಧಿ ಅಂಗಡಿಯವರು ತಡಮಾಡಲಿಲ್ಲ. ಕೋಪದಿಂದಲ್ಲ, ನಯವಾಗಿಯೇ ಕೇಳಿದರು: "ತಪ್ಪು ತಿಳ್ಕೋಬೇಡಿ ಟೀಚರ್. ಜಗತ್ತೆಲ್ಲ ಮೀಟರಲ್ಲಿ ನಡೀತಾ ಇದೆ. ನಮ್ಮ ಮಕ್ಕಳು ಈ ಗೇಣು ಕಟ್ಕೊಂಡು ಏನು ಮಾಡ್ಬೇಕು?"

"ನಾನೂ ಮೀಟರಿಗೇ ಹೊರಟಿದ್ದೆ ಸರ್," ಎಂದರು ಟೀಚರ್. "ದಾರೀಲಿ ನಿಂತುಹೋದೆ."

ಯಾಕೆಂದು ಅವರು ಬಾಯಲ್ಲಿ ಹೇಳಲಿಲ್ಲ. ಔಷಧಿ ಅಂಗಡಿಯವರನ್ನೇ ಕರೆದು ಕ್ಲಾಸಿನ ಬಾಗಿಲನ್ನು ಗೇಣು ಹಾಕಲು ಕೇಳಿದರು. ಒಂಬತ್ತೂವರೆ ಬಂತು. ಆಮೇಲೆ ಕಂಡಕ್ಟರನ ಮಗನನ್ನು ಕುರ್ಚಿಯ ಮೇಲೆ ಹತ್ತಿಸಿದರು. ಅವನು ಏದುಸಿರು ಬಿಡುತ್ತ ಅಳೆದ. ಹದಿನೈದು ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಂತರ ಅವರಿಗೇ ಏನೋ ಹೊಳೆದು ನಗು ಅರ್ಧಕ್ಕೆ ನಿಂತಿತು.

ಟೀಚರ್ ಗೋಡೆಯ ಕಡೆ ತಿರುಗಿದರು. ಒಂದೇ ಎತ್ತರದ ಬಾಗಿಲು ನಿನ್ನ ಕೈಗೆ ಹದಿನಾಲ್ಕು, ನನ್ನ ಕೈಗೆ ಹದಿನಾರು ಯಾಕೆ ಬಂತು ಎಂದು ಮಕ್ಕಳು ಜಗಳವಾಡಬೇಕಿತ್ತು, ಆ ಜಗಳ ತೀರಿಸಲು ಎಲ್ಲರಿಗೂ ಒಂದೇ ಆಗಿರುವ ಒಂದು ಕೋಲು ಬೇಕೆಂದು ಅವರೇ ಕೇಳಬೇಕಿತ್ತು, ಆಗ ಮೇಜಿನೊಳಗಿಂದ ಸ್ಕೇಲು ತೆಗೆಯೋಣ ಎಂದು ಎಂಟು ದಿನದಿಂದ ಕಾದಿದ್ದೇನೆ ಎಂದರು. ಮೇಜಿನ ಡ್ರಾಯರಿನಲ್ಲಿ ಇಪ್ಪತ್ತೆಂಟು ಹೊಸ ಸ್ಕೇಲುಗಳು ಕಟ್ಟು ಬಿಚ್ಚದೆ ಬಿದ್ದಿದ್ದವು. ಗೋಡೆಯ ಮೇಲೆ ಜಗಳಕ್ಕೆ ಜಾಗವೇ ಇರಲಿಲ್ಲ. ಅವರು ಒಂದೊಂದೇ ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳುತ್ತ ಹೋದರು.

"ಇದು ಯಾರ ಕೈ ಅಳತೆ? ಇದು? ಇದು ಯಾರ ಕೈ ಅಳತೆ?"

ಮಿಲಿಮೀಟರ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಮುದುಕ ಮೇಸ್ತ್ರಿ ಚೀಟಿ ಹರಿಯುವ ಮುಂಚೆ ಕೇಳುತ್ತಿದ್ದ ಮಾತದು. ಎಂಟು ದಿನದ ಹಿಂದೆ ದಾರಿಯುದ್ದಕ್ಕೂ ಹಲ್ಲಿನ ಡಾಕ್ಟರನ್ನು ಬೈದುಕೊಂಡು ಬಂದದ್ದು ಅದೇ ಮಾತಿಗೆ. ಅದನ್ನೇ ಗೊಣಗುತ್ತ ಮನೆಯೊಳಗೆ ಕಾಲಿಟ್ಟು, ಕೈ ಕೂಡ ತೊಳೆಯದೆ, ಮಗಳ ಹಾಳೆಯಲ್ಲಿ ತನ್ನ ಕೈಯನ್ನು ಬರೆದಿದ್ದ. ಅವಳು ಎರಡು ಸಲ ಅಳೆದಿದ್ದಳು. ಸೀನು ಬಂದದ್ದನ್ನೂ ಮುಚ್ಚಿಟ್ಟಿರಲಿಲ್ಲ. ಅವಳು ಸರಿಯಾಗಿದ್ದಳು. ಹಲ್ಲಿನ ಡಾಕ್ಟರು ಹಾಳುಮಾಡಿದ್ದು ಒಂದು ಹಲಗೆಯನ್ನಷ್ಟೇ ಎಂದು ಅವನಿಗೆ ಅನ್ನಿಸಿ, ಚಿಕ್ಕ ಬೆಂಚಿನಲ್ಲಿ ಇನ್ನಷ್ಟು ಕುಗ್ಗಿದ.

ಅಷ್ಟರಲ್ಲಿ ಟೀಚರ್ ಚಿನಕುರಳಿಯನ್ನು ಕರೆದಿದ್ದರು. ಬಾಗಿಲು ಮಾಡುವವರ ಮಗಳು, ಬಾ, ನೀನೂ ಒಂದು ಸಲ ಅಳೆ ಎಂದರು. ಅವಳು ಎದ್ದು ನಿಂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಪ್ಪ ಬಂದಿದಾರೆ ಟೀಚರ್. ಅವರನ್ನ ಕೇಳಿ."

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಟೀಚರ್ ಒತ್ತಾಯ ಮಾಡದೆ, ಆಗಲಿ ಮಗು, ಕೂತ್ಕೊ ಎಂದರು. ಅವರು ಮಿಲಿಮೀಟರ್ ಕಡೆ ನೋಡಲೂ ಇಲ್ಲ. ನೋಡಿ ಎರಡು ಮಾತು ಬೈದಿದ್ದರೆ ಅವನಿಗೆ ಹಿತವಾಗುತ್ತಿತ್ತು.

ಸಭೆ ಮುಗಿದು ಹೊರಗೆ ಬಂದಾಗ ಔಷಧಿ ಅಂಗಡಿಯವರು ಹತ್ತಿರ ಬಂದು ಅರ್ಜಿ ಎಲ್ಲಿ ಎಂದು ಪಿಸುಗುಟ್ಟಿದರು. ಅವರ ದನಿಯಲ್ಲೂ ಮೊದಲಿನ ಜೋರಿರಲಿಲ್ಲ. ಮಿಲಿಮೀಟರ್ ಜೇಬಿನ ಮೇಲೆ ಕೈಯಿಟ್ಟುಕೊಂಡು, ಅದರಿಂದ ತನಗೆ ಬೇರೆ ಕೆಲಸವಿದೆ ಎಂದ. ಬೇಕಾದರೆ ಇನ್ನೊಂದು ಬರೆದುಕೊಳ್ಳಿ, ಅದರಲ್ಲಿ ನನ್ನ ಸಹಿ ಇರುವುದಿಲ್ಲ ಎಂದು ಸೇರಿಸಿದ.

ಮನೆಗೆ ಬಂದವನು ಅಂಗಿ ಕೂಡ ಬದಲಿಸಲಿಲ್ಲ. ಸ್ಟೂಲನ್ನು ಮುಂಬಾಗಿಲಿಗೆ ತಂದಿಟ್ಟ. ಅದು ಎಂದಿನಂತೆ ಕುಣಿಯಿತು. ಕಾಲು ಬಿಚ್ಚಿ ಕೂರಿಸುವಷ್ಟು ತಾಳ್ಮೆ ಆ ಹೊತ್ತಿಗೆ ಅವನಲ್ಲಿರಲಿಲ್ಲ. ಜೇಬಿನಿಂದ ಅರ್ಜಿ ತೆಗೆದು, ಇನ್ನೆರಡು ಮಡಿಕೆ ಮಡಿಸಿ, ಹತ್ತೊಂಬತ್ತು ಸಹಿಗಳ ಸಮೇತ ಗಿಡ್ಡ ಕಾಲಿನ ಕೆಳಗೆ ತುರುಕಿದ. ಸ್ಟೂಲು ಗಟ್ಟಿಯಾಗಿ ನಿಂತಿತು. ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ತನ್ನ ಚಪ್ಪಟೆ ಪೆನ್ಸಿಲನ್ನು ಮಗಳತ್ತ ಚಾಚಿದ. ಆ ಪೆನ್ಸಿಲನ್ನು ಅವನು ಇದುವರೆಗೆ ಹೆಂಡತಿಗೂ ಮುಟ್ಟಗೊಟ್ಟವನಲ್ಲ.

ಚಿನಕುರಳಿ ತೆಗೆದುಕೊಳ್ಳಲಿಲ್ಲ. "ಪಾಲಿಶ್ ಹಾಳಾಗುತ್ತೆ."

"ಆಗ್ಲಿ."

"ನಂದು ತಪ್ಪು ಬರುತ್ತೆ."

ಮಿಲಿಮೀಟರ್ ಹೊಸ್ತಿಲ ಮೇಲೆ ಕುಕ್ಕರಿಸಿದ. ಜೀವಮಾನದಲ್ಲಿ ಹೇಳಿ ಅಭ್ಯಾಸವಿಲ್ಲದ ಮಾತು ಕೊನೆಗೆ ಹೇಗೋ ಹೊರಗೆ ಬಂತು. "ನಿಂದು ಸರಿ ಇತ್ತು ಕಣೆ. ಅಳಿಸಿದ್ದು ನಾನು. ತಪ್ಪು ನಂದು."

ಅವಳು ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ನೆಲಕ್ಕೆ ಕೂತು ಮೊದಲ ಗೇಣು ಹಾಕಿದಳು. ಗೆರೆ ಎಳೆಯುವ ಮುಂಚೆ ಮತ್ತೊಮ್ಮೆ ತಿರುಗಿ ನೋಡಿದಳು. ಅವನು ಬೇಕೆಂದೇ ಬೀದಿಯ ಕಡೆ ಮುಖ ಮಾಡಿ ಕೂತಿದ್ದ. ಐದನೆಯ ಗೇಣಿನಲ್ಲಿ ಅವಳ ಹೆಬ್ಬೆರಳು ಗೆರೆಯಿಂದ ಜಾರಿದ್ದು ಅವನ ಓರೆಗಣ್ಣಿಗೆ ಬಿತ್ತು. ಬಾಯಿ ತೆರೆದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನರ್ಸು ಕಣ್ಣು ದೊಡ್ಡದು ಮಾಡಿದಳು. ಬಾಯಿ ಮುಚ್ಚಿದ. ಬಾಗಿಲ ನೆತ್ತಿ ತಲುಪುವ ಹೊತ್ತಿಗೆ ಹದಿನಾರು ಬಂತು. ಸ್ಟೂಲಿನ ಮೇಲೆ ನಿಂತವಳು ಹುಬ್ಬು ಗಂಟಿಕ್ಕಿ ಗೆರೆಗಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮೊನ್ನೆ ಹದಿನೈದು ಇತ್ತು," ಎಂದಳು. "ಎಲ್ಲೋ ಜಾರಿದೆ. ಬಾಗಿಲೇನು ಬೆಳೆಯಲ್ಲ. ಇರು ಅಪ್ಪ, ಮತ್ತೆ ಅಳೀತೀನಿ."

"ಅಳೆ," ಎಂದ ಮಿಲಿಮೀಟರ್.

ಮುಂದಿನ ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಹೊಸ ಬಾಗಿಲಿನ ಮರ ಆರಿಸಲು ಮನೆಗೇ ಬಂದರು. ಮುಂಬಾಗಿಲಿನ ಪಾಲಿಶ್ ಮೇಲೆ ಎರಡು ಸಾಲು ಪೆನ್ಸಿಲ್ ಗೆರೆಗಳು, ಒಂದು ಸಾಲಿಗೆ ಅಡ್ಡ ಗೀಟು ಹಾಕಿತ್ತು. ಅವರಿಗೆ ಸೇಡು ತೀರಿಸಿಕೊಳ್ಳುವ ಅವಕಾಶ ಸಿಕ್ಕಿತು. ನನ್ನ ಅಳತೆಯನ್ನು ಊರೆಲ್ಲ ಆಡಿಕೊಂಡು ಬಂದೆಯಲ್ಲ, ನಿನ್ನ ಮನೆ ಬಾಗಿಲು ಇದೇನು ಹೀಗೆ, ಇದು ಯಾವ ಸೀಮೆ ಅಳತೆ ಎಂದು ನಕ್ಕರು.

ಹಿಂದಿನ ಮಿಲಿಮೀಟರ್ ಆಗಿದ್ದರೆ ಅದಕ್ಕೆ ನಾಲ್ಕು ಉತ್ತರ ಕೊಡುತ್ತಿದ್ದ. ಇವನು ಒಳಗೆ ತಿರುಗಿ ಮಗಳನ್ನು ಕೂಗಿದ.

"ನನ್ನನ್ನ ಕೇಳಬೇಡಿ ಡಾಕ್ಟ್ರೇ," ಎಂದ. "ಅಳೆದವರು ಬರ್ತಿದಾರೆ, ಅವರನ್ನೇ ಕೇಳಿ."

ಚಿನಕುರಳಿ ಓಡಿ ಬಂದಳು. ಮೊದಲು ಡಾಕ್ಟರ ಕೈ ಹಿಡಿದೆಳೆದು, ಬೆರಳುಗಳನ್ನು ಅಗಲಿಸಿ, ತನ್ನ ಅಂಗೈಯನ್ನು ಅದರ ಮೇಲಿಟ್ಟು ನೋಡಿದಳು. ಆಮೇಲೆ ಮಾತು ಶುರುಮಾಡಿದಳು. ಡಾಕ್ಟರಿಗೆ ಅರ್ಧ ಗಂಟೆಯಾದರೂ ಹೊಸ್ತಿಲು ದಾಟಲು ಆಗಲಿಲ್ಲ.